ಯಾವ ಎಸಿ ಎಂದು ಕೇಳುವ ಮೊದಲು ಕರೆಂಟ್ ಬಿಲ್ ಯಾರದ್ದೆಂದು ಕೇಳಿ

ಪ್ರಶ್ನೆ: ಬಸವೇಶ್ವರನಗರದ 60×80 ಸೈಟಿನಲ್ಲಿ ನೆಲಮಹಡಿ, ಅದರ ಮೇಲೆ ಮೂರು ಮಹಡಿಯ ವಾಣಿಜ್ಯ ಕಟ್ಟಡ ಕಟ್ಟಿಸುತ್ತಿದ್ದೇನೆ. ಒಂದೊಂದು ಮಹಡಿ ಸುಮಾರು 2,500 ಚದರಡಿ. ನೆಲಮಹಡಿಗೆ ಬ್ಯಾಂಕು ಮತ್ತು ಎಟಿಎಂ, ಮೊದಲನೆಯದಕ್ಕೆ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ಸೆಂಟರ್, ಎರಡನೆಯದಕ್ಕೆ ಸಿಇಟಿ-ನೀಟ್ ಕೋಚಿಂಗ್ ಬರುವುದು ಖಚಿತವಾಗಿದೆ. ಮೂರನೆಯದು ಇನ್ನೂ ಯಾರಿಗೂ ಹೋಗಿಲ್ಲ. ಆಫೀಸೋ ರೆಸ್ಟೋರೆಂಟೋ ಗೊತ್ತಿಲ್ಲ. ರಸ್ತೆ ಪಶ್ಚಿಮಕ್ಕಿದೆ, ಮುಂಭಾಗ ಪೂರ್ತಿ ಗಾಜು. ಮೂವರು ಕಂಟ್ರಾಕ್ಟರ್‌ಗಳು ಬಂದು ನೋಡಿದರು. ಒಬ್ಬರು ಇಡೀ ಕಟ್ಟಡಕ್ಕೆ ಒಂದೇ ವಿಆರ್‌ಎಫ್ (ಒಂದು ಔಟ್‌ಡೋರ್‌ನಿಂದ ಹಲವು ಕೋಣೆಗಳ ಇಂಡೋರ್ ಯೂನಿಟ್‌ಗಳಿಗೆ ಗ್ಯಾಸ್ ಕಳಿಸುವ ವ್ಯವಸ್ಥೆ) ಎನ್ನುತ್ತಾರೆ, ಇನ್ನೊಬ್ಬರು ಕೂಲಿಂಗ್ ಟವರ್ ಇರುವ ಚಿಲ್ಲರ್ (ನೀರನ್ನು ತಣಿಸಿ ಮಹಡಿಗಳಿಗೆ ಹರಿಸುವ ಯಂತ್ರ, ಅದರ ಶಾಖವನ್ನು ನೀರು ಆವಿಯಾಗಿಸಿ ಹೊರಹಾಕುವುದು ಟವರ್), ಮತ್ತೊಬ್ಬರು ಎಲ್ಲ ಕಡೆ ಸ್ಪ್ಲಿಟ್. ಮೂವರೂ 150 ಚದರಡಿಗೆ ಒಂದು ಟನ್ ಎಂದು ಲೆಕ್ಕ ಹಾಕಿ 65ರಿಂದ 70 ಟನ್ ಹೇಳಿದ್ದಾರೆ. ಯಾವುದನ್ನು ಆರಿಸಲಿ? ಬಾಡಿಗೆಗೆ ಹೋಗದ ಮಹಡಿಗೂ ಈಗಲೇ ಹಾಕಿಸಬೇಕೇ?

ಉತ್ತರ: ಮೂವರು ಹೇಳಿದ್ದರಲ್ಲಿ ಯಾವುದನ್ನೂ ಹಾಗೆಹಾಗೇ ಒಪ್ಪಿಕೊಳ್ಳಬೇಡಿ. ಯಂತ್ರಗಳು ಕೆಟ್ಟವು ಅಂತಲ್ಲ, ಮೂರೂ ಒಳ್ಳೆಯವೇ. ಆದರೆ ಮೂವರೂ ನಿಮ್ಮ ಕಟ್ಟಡದ ವಿಸ್ತೀರ್ಣ ಅಳೆದಿದ್ದಾರೆಯೇ ಹೊರತು ಅಲ್ಲಿ ಯಾರು ಎಷ್ಟು ಗಂಟೆಗೆ ಎಸಿ ಹಾಕುತ್ತಾರೆ, ಅದರ ದುಡ್ಡು ಯಾರ ಜೇಬಿನಿಂದ ಹೋಗುತ್ತದೆ ಎಂದು ಕೇಳಿದಂತೆ ಕಾಣುವುದಿಲ್ಲ. ಬಾಡಿಗೆ ಕಟ್ಟಡದಲ್ಲಿ ಎಸಿ ವ್ಯವಸ್ಥೆಯನ್ನು ತೀರ್ಮಾನಿಸುವುದು ಈ ಎರಡು ಪ್ರಶ್ನೆಗಳೇ. ಬ್ರ್ಯಾಂಡು, ಸ್ಟಾರು ಎಲ್ಲ ಆಮೇಲೆ.

ನಿಮ್ಮ ಬಾಡಿಗೆದಾರರನ್ನೇ ನೋಡಿ. ಬ್ಯಾಂಕು ಬೆಳಗ್ಗೆ ಹತ್ತಕ್ಕೆ ತೆರೆದು ಸಂಜೆ ಮುಚ್ಚುತ್ತದೆ, ಅದರ ಪಕ್ಕದ ಎಟಿಎಂ ಮತ್ತು ಸರ್ವರ್ ಕೋಣೆಗೆ ಮಾತ್ರ 24 ಗಂಟೆಯೂ ತಂಪು ಬೇಕು. ರಕ್ತಪರೀಕ್ಷೆಯವರು ಖಾಲಿ ಹೊಟ್ಟೆಯ ಗಿರಾಕಿಗಳಿಗಾಗಿ ಏಳಕ್ಕೇ ಬಾಗಿಲು ತೆಗೆಯುತ್ತಾರೆ. ಕೋಚಿಂಗ್‌ನವರಿಗೆ ಬೆಳಗಿನ ಜಾವದ ಬ್ಯಾಚು, ಸಂಜೆಯ ಬ್ಯಾಚು, ಭಾನುವಾರ ಟೆಸ್ಟು. ಮಧ್ಯಾಹ್ನ ತರಗತಿಗಳು ಖಾಲಿ. ಇಷ್ಟೂ ಜನರನ್ನು ಒಂದೇ ಯಂತ್ರಕ್ಕೆ ಕಟ್ಟಿಹಾಕಿದರೆ ಭಾನುವಾರ ಬೆಳಗ್ಗೆ ಒಂದು ಮಹಡಿಗಾಗಿ ದೊಡ್ಡ ಔಟ್‌ಡೋರ್ ಯೂನಿಟ್ ಓಡುತ್ತದೆ. ಬೆಸ್ಕಾಂ ಬಿಲ್ ಬರುವುದು ನಿಮ್ಮ ಹೆಸರಿಗೆ. ವಿಆರ್‌ಎಫ್ ಕಂಪನಿಗಳ ಹತ್ತಿರ ಬಿಲ್ಲಿನ ಯೂನಿಟ್‌ಗಳನ್ನು ಬಾಡಿಗೆದಾರರ ನಡುವೆ ಹಂಚುವ ಸಾಫ್ಟ್‌ವೇರ್ ಇದೆ, ನಿಜ. ಯಾವ ಇಂಡೋರ್ ಯೂನಿಟ್ಟಿನ ವಾಲ್ವ್ ಎಷ್ಟು ಹೊತ್ತು, ಎಷ್ಟು ತೆರೆದಿತ್ತು ಎಂಬುದರ ಮೇಲೆ ಅದು ಲೆಕ್ಕ ಕೊಡುತ್ತದೆ. ಅದು ಅಂದಾಜು, ಮೀಟರ್ ಅಲ್ಲ. ಬ್ಯಾಂಕಿನ ಆಡಿಟರ್ ಅದನ್ನು ಸುಲಭಕ್ಕೆ ಒಪ್ಪುವುದಿಲ್ಲ, ಕೋಚಿಂಗ್‌ನವರು ಮೂರನೇ ತಿಂಗಳಿಗೇ ಜಗಳ ತೆಗೆಯುತ್ತಾರೆ. ಕಟ್ಟಡದ ಮಾಲೀಕರಾಗಿರಿ, ಸಣ್ಣ ಬೆಸ್ಕಾಂ ಆಗಬೇಡಿ. ಇಷ್ಟು ಸಾಲದೆಂಬಂತೆ ಒಂದು ಜೋಡಣೆಯಲ್ಲಿ ಗ್ಯಾಸ್ ಸೋರಿದರೂ ಅದೇ ಪೈಪಿನಲ್ಲಿರುವ ಎಲ್ಲ ಮಹಡಿಗಳೂ ಒಟ್ಟಿಗೆ ನಿಲ್ಲುತ್ತವೆ.

ಹಾಗಾಗಿ ನನ್ನ ಸಲಹೆ ಒಂದೊಂದು ಮಹಡಿಗೂ ಅದರದೇ ವ್ಯವಸ್ಥೆ, ಅದರದೇ ಔಟ್‌ಡೋರ್, ಅದು ಆ ಬಾಡಿಗೆದಾರರ ಮೀಟರಿನ ಮೇಲೆ. ಯಾವ ಮಹಡಿಗೆ ಯಾವುದು ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಆ 70 ಟನ್ ಅನ್ನು ಬಿಚ್ಚಿ ನೋಡಬೇಕು, ನಿಮ್ಮ ದುಡ್ಡು ಹೆಚ್ಚು ಸೋರುತ್ತಿರುವುದು ಅಲ್ಲಿ.

ಒಂದು ಟನ್ ಎಂದರೆ 3.5 ಕಿಲೋವ್ಯಾಟ್ ಶಾಖವನ್ನು ಹೊರಗೆ ಹಾಕುವ ಸಾಮರ್ಥ್ಯ. ನಿಮ್ಮ ಒಂದು ಮಹಡಿ 30 ಜನರ ಆಫೀಸು ಎಂದುಕೊಳ್ಳಿ. ಕೂತು ಕೆಲಸ ಮಾಡುವ ಒಬ್ಬ ಮನುಷ್ಯ ಸುಮಾರು 130 ವ್ಯಾಟ್ ಶಾಖ ಬಿಡುತ್ತಾನೆ, ಮೂವತ್ತು ಜನಕ್ಕೆ ಹತ್ತಿರ ಹತ್ತಿರ 4 ಕಿಲೋವ್ಯಾಟ್. ಕಂಪ್ಯೂಟರ್‌ಗಳಿಗೆ 3, ಎಲ್‌ಇಡಿ ದೀಪಗಳಿಗೆ 2, ಗೋಡೆಗಳಿಂದ 2, ಉಸಿರಾಟಕ್ಕೆಂದು ಒಳಗೆ ತರುವ ಹೊರಗಾಳಿಯನ್ನು ತಣಿಸಲು 4 ಅಥವಾ 5. ಇಷ್ಟೂ ಸೇರಿ 15-16. ಈಗ ಪಶ್ಚಿಮದ ಗಾಜು. ಮಹಡಿಗೆ 400 ಚದರಡಿ ಸಾಧಾರಣ ಗಾಜಿದ್ದರೆ ಏಪ್ರಿಲ್ ಸಂಜೆ ನಾಲ್ಕೂವರೆಗೆ ಅದೊಂದರಿಂದಲೇ 12 ಕಿಲೋವ್ಯಾಟ್ ಒಳಗೆ ಬರುತ್ತದೆ. ಅಂದರೆ ಮೂವತ್ತು ಜನ, ಅವರ ಕಂಪ್ಯೂಟರು, ದೀಪ ಎಲ್ಲ ಸೇರಿ ಕೊಡುವುದಕ್ಕಿಂತ ಜಾಸ್ತಿ. ಒಟ್ಟು 28 ಕಿಲೋವ್ಯಾಟ್, 8 ಟನ್. ಇಷ್ಟು ಕೆಟ್ಟ ಗಾಜು ಹಾಕಿದರೂ 150 ಚದರಡಿಯ ಲೆಕ್ಕ ಹೇಳುವ 17 ಟನ್‌ನ ಅರ್ಧವೂ ಆಗಲಿಲ್ಲ. ಕಡೆಯ ಮಹಡಿಗೆ ಮಾತ್ರ ತಾರಸಿಯ ಬಿಸಿ ಬೇರೆ ಸೇರುತ್ತದೆ, ಅಲ್ಲಿ ಎರಡು ಟನ್ ಹೆಚ್ಚು ಹಿಡಿಯಿರಿ.

ಇನ್ನು ಕೋಚಿಂಗ್ ಮಹಡಿಯಲ್ಲಿ ಅದೇ 2,500 ಚದರಡಿಗೆ 120 ಹುಡುಗರು ಕೂರುತ್ತಾರೆ. ಸುಮ್ಮನೆ ಕೂತು ಕೇಳುವವರ ಮೈಶಾಖ ತಲೆಗೆ ಸ್ವಲ್ಪ ಕಡಿಮೆಯಾದರೂ ಅದೇ 14 ಕಿಲೋವ್ಯಾಟ್ ಹತ್ತಿರ, ಅವರಿಗೆ ಬೇಕಾದ ಹೊರಗಾಳಿಗೆ ಇನ್ನೊಂದು 13. ಅಲ್ಲಿ ಗಾಜು ಒಳ್ಳೆಯದಿದ್ದರೂ 10 ಟನ್ ಆಗುತ್ತದೆ. ವಿಸ್ತೀರ್ಣ ಒಂದೇ, ಹೊರೆ ಬೇರೆ ಬೇರೆ. ಚದರಡಿ ಲೆಕ್ಕವನ್ನು ನಾನು ಯಾವತ್ತೂ ನಂಬದಿರುವುದು ಇದಕ್ಕೇ. ನಿಮ್ಮ ಇಡೀ ಕಟ್ಟಡ 35ರಿಂದ 40 ಟನ್ ಒಳಗೆ ಮುಗಿಯಬೇಕು. ಕೋಣೆವಾರು ಹೀಟ್ ಲೋಡ್ ಶೀಟ್ ಕೊಡದ ಕಂಟ್ರಾಕ್ಟರ್ ಜತೆ ರೇಟಿನ ಮಾತೇ ಎತ್ತಬೇಡಿ.

ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ಲವೇ, ಬೇಸಿಗೆ ಏರುತ್ತಿದೆಯಲ್ಲ ಎಂದು ನಿಮಗೆ ಅನಿಸಬಹುದು. 2016ರ ಏಪ್ರಿಲ್ 24ರಂದು ಬೆಂಗಳೂರು 39.2 ಡಿಗ್ರಿ ಕಂಡಿತು ಎನ್ನುವುದು ನಿಜ. ಆದರೆ ಅಂಥ ಗಂಟೆಗಳು ವರ್ಷಕ್ಕೆ ಬೆರಳೆಣಿಕೆಯಷ್ಟು, ಎಸಿ ವಿನ್ಯಾಸಕ್ಕೆ ನಾವು ಈ ಊರಿಗೆ ಹಿಡಿಯುವುದು 34-35 ಡಿಗ್ರಿ. ಅಳತೆ ಮೀರಿದ ಯಂತ್ರ ತೊಂದರೆ ಕೊಡುವುದು ಬೇಸಿಗೆಯಲ್ಲಲ್ಲ, ಜುಲೈ-ಆಗಸ್ಟ್‌ನಲ್ಲಿ. ಹೊರಗೆ 24 ಡಿಗ್ರಿ, ಜಿಟಿಜಿಟಿ ಮಳೆ, ಗಾಳಿಯ ತುಂಬ ತೇವ. ದೊಡ್ಡ ಯಂತ್ರ ಐದೇ ನಿಮಿಷದಲ್ಲಿ ಕೋಣೆಯನ್ನು ತಣ್ಣಗೆ ಮಾಡಿ ನಿಂತುಬಿಡುತ್ತದೆ, ಕಾಯಿಲ್ ಮೇಲೆ ತೇವ ಇಳಿಯುವಷ್ಟು ಹೊತ್ತು ಓಡುವುದೇ ಇಲ್ಲ. ಚಳಿಯೂ ಹೌದು, ಮೈ ಜಿಗುಟೂ ಹೌದು ಎನ್ನುವ ಸ್ಥಿತಿ. ಜನ ಸ್ವೆಟರ್ ಹಾಕಿಕೊಂಡು ಕೂತಿರುತ್ತಾರೆ, ಫೈಲುಗಳು ಬೂಸಲು ವಾಸನೆ ಹೊಡೆಯುತ್ತವೆ. ಹೊರೆಗೆ ತಕ್ಕಂತೆ ವೇಗ ಬದಲಿಸುವ ಇನ್ವರ್ಟರ್ ಕಂಪ್ರೆಸರ್ ಇದ್ದರೆ ಸ್ವಲ್ಪ ವಾಸಿ, ಆದರೂ ಅದು ಒಂದು ಮಿತಿಗಿಂತ ಕೆಳಗೆ ಇಳಿಯಲಾರದು.

ಆದ್ದರಿಂದ ಎಸಿಗೆ ಮುಂಗಡ ಕೊಡುವ ಮೊದಲು ಗಾಜಿನ ಆರ್ಡರ್ ಹೋಗಿದೆಯೇ ನೋಡಿ. ಹೋಗಿರದಿದ್ದರೆ ನಿಮ್ಮ ಅದೃಷ್ಟ. ಗಾಜಿನ ಕಂಪನಿ ಕೊಡುವ ಪಟ್ಟಿಯಲ್ಲಿ ಎಸ್‌ಎಚ್‌ಜಿಸಿ ಎಂಬ ಅಂಕಿ ಇರುತ್ತದೆ. ಗಾಜಿಗೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದರ ಲೆಕ್ಕ ಅದು. 0.6 ಇರುವ ಗಾಜಿನ ಬದಲು 0.25ರ ಗಾಜು ಹಾಕಿದರೆ ಮೇಲೆ ಹೇಳಿದ 12 ಕಿಲೋವ್ಯಾಟ್ 5ಕ್ಕೆ ಇಳಿಯುತ್ತದೆ. ಮಹಡಿಗೆ ಎರಡು ಟನ್ ಉಳಿತಾಯ, ಅದೂ ಕಟ್ಟಡ ಇರುವವರೆಗೆ. ಪಶ್ಚಿಮಕ್ಕೆ ಸಜ್ಜಾ ಹಾಕಿಸಿ ಪ್ರಯೋಜನವಿಲ್ಲ, ಸಂಜೆಯ ಸೂರ್ಯ ತಗ್ಗಿನಲ್ಲಿ ನೇರ ಒಳಗೆ ನುಗ್ಗುತ್ತಾನೆ. ನಿಂತ ಫಿನ್‌ಗಳು (ಲಂಬ ಪಟ್ಟಿಗಳು) ಅಥವಾ ಗಾಜಿನಿಂದ ಒಂದಡಿ ಆಚೆಗೆ ಜಾಲಿ ಆಗಬಹುದು. ಬೋರ್ಡ್ ಕಾಣುವುದಿಲ್ಲ ಎಂದು ಬ್ಯಾಂಕಿನವರು ಗೊಣಗಿದರೆ ನೆಲಮಹಡಿ ಬಿಟ್ಟು ಮೇಲಿನ ಮೂರಕ್ಕೆ ಮಾಡಿಸಿ. ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸುವಾಗಲೇ 50 ಮಿಲಿಮೀಟರ್ ಇನ್ಸುಲೇಷನ್ ಬೋರ್ಡು ಸೇರಿಸಿ, ಮೇಲೆ ಬಿಳಿ ಟೈಲ್ಸ್ ಹಾಕಿಸಿ.

ಈ ಊರಿನ ಹವೆಯ ಬಗ್ಗೆ ಇನ್ನೊಂದು ಮಾತು. ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ದೇಶವನ್ನು ಐದು ಹವಾಮಾನ ವಲಯಗಳಾಗಿ ಹಂಚುತ್ತದೆ. ಅದರಲ್ಲಿ ಬೆಂಗಳೂರು ಸಮಶೀತೋಷ್ಣ ವಲಯಕ್ಕೆ ಸೇರಿದ್ದು. ಚೆನ್ನೈಗೆ ಬರೆದ ವಿನ್ಯಾಸವನ್ನು ಇಲ್ಲಿ ನಕಲು ಹೊಡೆಯುವುದು ದಡ್ಡತನ. ದೊಮ್ಮಲೂರಿನಲ್ಲಿ ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸ ಮಾಡಿದ, ಇಂಧನ-ಪರಿಸರ ಸಂಶೋಧನೆಯ ಟೆರಿ ಸಂಸ್ಥೆಯ ಕಟ್ಟಡವಿದೆ. ಅದರ ದಕ್ಷಿಣದ ಗೋಡೆಗೆ ಕಪ್ಪು ಕಡಪ ಕಲ್ಲು ಹೊದಿಸಿದ್ದಾರೆ. ಬಿಸಿಲಿಗೆ ಕಲ್ಲು ಕಾದು ಅದರ ಹಿಂದಿನ ಟೊಳ್ಳಿನಲ್ಲಿ ಗಾಳಿ ಮೇಲೇರುತ್ತದೆ, ಉತ್ತರದ ಕಡೆಯಿಂದ ತಂಪುಗಾಳಿ ಕಟ್ಟಡದೊಳಗೆ ಹಾದುಬರುತ್ತದೆ. ಮುಖ್ಯರಸ್ತೆಯ ಹಾರ್ನು, ಧೂಳಿನ ನಡುವೆ ನೀವು ಅಷ್ಟೆಲ್ಲ ಮಾಡಲಾಗದು. ಆದರೆ ಬೆಳಗ್ಗೆ ಒಂಬತ್ತರವರೆಗೆ ಹೊರಗಿನ ಗಾಳಿ ವರ್ಷದ ಬಹುಪಾಲು ದಿನ ನಿಮ್ಮ ಎಸಿ ಕೊಡುವ ತಂಪಿಗಿಂತ ಕಡಿಮೆಯೇನಿರುವುದಿಲ್ಲ. ಫಿಲ್ಟರ್ ಇರುವ ಒಂದು ಫ್ಯಾನ್ ಅದನ್ನು ಒಳಗೆ ತಂದರೆ ಸಾಕು, ಕಂಪ್ರೆಸರ್ ಮಲಗಿರಲಿ.

ಈಗ ಮಹಡಿವಾರು ನೋಡೋಣ.

ಬ್ಯಾಂಕಿನ ಒಳಗಿನ ಕೆಲಸವನ್ನು ಬ್ಯಾಂಕಿಗೇ ಬಿಟ್ಟುಬಿಡಿ, ಅವರಿಗೆ ಅವರದೇ ಮಾರಾಟಗಾರರ ಪಟ್ಟಿ, ಅವರದೇ ನಿಯಮ ಇರುತ್ತದೆ. ನೀವು ಜಾಗ, ಕರೆಂಟ್ ಲೋಡು, ಡ್ರೈನು ಕೊಟ್ಟರೆ ಮುಗಿಯಿತು. ಎಟಿಎಂಗೂ ಸರ್ವರ್ ಕೋಣೆಗೂ ಸರದಿಯ ಮೇಲೆ ಓಡುವ ಎರಡೆರಡು ಸಣ್ಣ ಸ್ಪ್ಲಿಟ್ ಇರಲಿ, ಯಾವ ದೊಡ್ಡ ವ್ಯವಸ್ಥೆಗೂ ಅವನ್ನು ಸೇರಿಸಬೇಡಿ.

ರಕ್ತಪರೀಕ್ಷಾ ಕೇಂದ್ರದ ಮಹಡಿಯೇ ವಿಆರ್‌ಎಫ್‌ಗೆ ಹೇಳಿ ಮಾಡಿಸಿದ ಜಾಗ. ಹತ್ತು ಹನ್ನೆರಡು ಸಣ್ಣ ಕೋಣೆಗಳು, ಒಂದು ತುಂಬಿದಾಗ ಇನ್ನೊಂದು ಖಾಲಿ, ಒಬ್ಬ ಡಾಕ್ಟರಿಗೆ 22 ಬೇಕು, ಇನ್ನೊಬ್ಬರಿಗೆ 26. ಒಂದೇ ಔಟ್‌ಡೋರ್‌ನಿಂದ ಇಷ್ಟನ್ನೂ ಸಂಭಾಳಿಸುವುದೇ ಅದರ ಹೆಚ್ಚುಗಾರಿಕೆ. ಸ್ಯಾಂಪಲ್ ಪರೀಕ್ಷಿಸುವ ಲ್ಯಾಬಿನ ಗಾಳಿ ಮಾತ್ರ ಕಾಯುವ ಹಾಲಿಗೆ ಮರಳಿ ಬರಕೂಡದು, ಅದಕ್ಕೆ ಬೇರೆ ಎಕ್ಸಾಸ್ಟ್.

ಇಲ್ಲಿ ಯಾರೂ ಹೇಳದ ಒಂದು ಅಪಾಯವಿದೆ. ವಿಆರ್‌ಎಫ್ ಪೈಪಿನಲ್ಲಿರುವ ಗ್ಯಾಸ್ ಅಷ್ಟೂ ಒಂದೇ ಕೋಣೆಯಲ್ಲಿ ಸೋರಿದರೆ ಏನಾಗುತ್ತದೆ? ಅದು ಉಸಿರಾಟದ ಗಾಳಿಯ ಜಾಗ ಹಿಡಿದು ಉಸಿರುಗಟ್ಟಿಸುತ್ತದೆ. ಇವುಗಳಲ್ಲಿ ತುಂಬುವ ಆರ್-410ಎ ಗ್ಯಾಸಿಗೆ ಒಪ್ಪಿತ ಮಿತಿ ಒಂದು ಘನ ಮೀಟರ್‌ಗೆ ಸುಮಾರು 0.42 ಕಿಲೋ. ಹತ್ತಡಿಗೆ ಹತ್ತಡಿ, ಒಂಬತ್ತಡಿ ಎತ್ತರದ ಕೋಣೆಯಲ್ಲಿರುವುದು 25 ಘನ ಮೀಟರ್ ಗಾಳಿ, ಅಂದರೆ ಮಿತಿ ಹತ್ತೂವರೆ ಕಿಲೋ. ಇಡೀ ಕಟ್ಟಡಕ್ಕೆ ಒಂದೇ ವ್ಯವಸ್ಥೆಯಾದರೆ ಅದರ ಹೊಟ್ಟೆಯಲ್ಲಿ ಇದರ ಎರಡು ಮೂರು ಪಟ್ಟು ಗ್ಯಾಸ್ ಇರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಬಾಗಿಲು ಮುಚ್ಚಿದ ಸ್ಕ್ಯಾನಿಂಗ್ ಕೋಣೆಯಲ್ಲಿ ರೋಗಿ ಮಲಗಿರುತ್ತಾರೆ. ಮಹಡಿಗೊಂದು ಸಣ್ಣ ವ್ಯವಸ್ಥೆ ಇಟ್ಟುಕೊಳ್ಳಿ ಎನ್ನಲು ಇದೂ ಒಂದು ಕಾರಣ. ಒಟ್ಟು ಗ್ಯಾಸ್ ಎಷ್ಟು ಕಿಲೋ, ಅತಿ ಚಿಕ್ಕ ಕೋಣೆ ಎಷ್ಟು ಘನ ಮೀಟರ್ ಎಂದು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

ಕೋಚಿಂಗ್ ಮಹಡಿಗೆ ವಿಆರ್‌ಎಫ್ ದುಂದು. ಮೂರೋ ನಾಲ್ಕೋ ದೊಡ್ಡ ತರಗತಿ. ತುಂಬಿದರೆ ಎಲ್ಲ ತುಂಬಿರುತ್ತವೆ, ಖಾಲಿಯಾದರೆ ಎಲ್ಲ ಖಾಲಿ. ತರಗತಿಗೊಂದು ಇನ್ವರ್ಟರ್ ಡಕ್ಟಬಲ್ ಯೂನಿಟ್ (ಡಕ್ಟ್ ಮೂಲಕ ತಂಪುಗಾಳಿ ಹಂಚುವ ಎಸಿ) ಹಾಕಿ. ಕೆಟ್ಟರೆ ಒಂದು ಕೆಡುತ್ತದೆ, ರಿಪೇರಿಗೆ ಕಂಪನಿಯವರೇ ಬರಬೇಕೆಂದಿಲ್ಲ. ಅಲ್ಲಿ ಖರ್ಚು ಮಾಡಬೇಕಾದದ್ದು ಹೊರಗಾಳಿಯ ಮೇಲೆ. ಮುಚ್ಚಿದ ಕೋಣೆಯಲ್ಲಿ ನಲವತ್ತು ಹುಡುಗರನ್ನು ಮೂರು ಗಂಟೆ ಕೂರಿಸಿ ಸ್ಪ್ಲಿಟ್ ಹಾಕಿದರೆ ಅದು ಅದೇ ಗಾಳಿಯನ್ನು ಸುತ್ತಿಸಿ ಸುತ್ತಿಸಿ ತಣ್ಣಗೆ ಮಾಡುತ್ತದೆ ಅಷ್ಟೇ. ಇಂಗಾಲದ ಡೈಆಕ್ಸೈಡ್ ಏರುತ್ತದೆ, ಹಿಂದಿನ ಬೆಂಚಿನವರು ತೂಕಡಿಸುತ್ತಾರೆ, ಮೇಷ್ಟರು ಹುಡುಗರನ್ನು ಬೈಯುತ್ತಾರೆ. ಒಬ್ಬೊಬ್ಬರಿಗೆ 13 ಸಿಎಫ್‌ಎಂ (ನಿಮಿಷಕ್ಕೆ 13 ಘನ ಅಡಿ) ಲೆಕ್ಕದಲ್ಲಿ ಹೊರಗಾಳಿ ಫ್ಯಾನ್ ಬೇಕು. ಹೊರಹೋಗುವ ಗಾಳಿಯ ತಂಪನ್ನು ಹಿಡಿದಿಡುವ ಹೀಟ್ ರಿಕವರಿ ಯಂತ್ರವನ್ನೂ ಕೆಲವರು ಮಾರಲು ಬರುತ್ತಾರೆ. ದೆಹಲಿಯಲ್ಲಾದರೆ ಕಣ್ಣುಮುಚ್ಚಿ ಹಾಕಿಸಿ ಎನ್ನುತ್ತಿದ್ದೆ. ಒಳಗೂ ಹೊರಗೂ ವರ್ಷದ ಹೆಚ್ಚು ಕಾಲ ಅಷ್ಟೇನೂ ವ್ಯತ್ಯಾಸವಿಲ್ಲದ ನಮ್ಮೂರಿನಲ್ಲಿ ಆ ಬಂಡವಾಳ ತಿರುಗಿ ಬರುವುದು ನಿಧಾನ. ಅದರ ಬದಲು ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ನೋಡಿ ವೇಗ ಬದಲಿಸುವ ಫ್ಯಾನು, ಒಳ್ಳೆಯ ಫಿಲ್ಟರು ಸಾಕು. ಗಾಳಿ ಎಳೆಯುವ ಬಾಯಿ ರಸ್ತೆಯ ಕಡೆಗಾಗಲಿ ಜನರೇಟರ್ ಹೊಗೆಯ ಪಕ್ಕಕ್ಕಾಗಲಿ ಬೇಡ.

ಚಿಲ್ಲರ್ ವಿಷಯ ಬೇಗ ಮುಗಿಸುತ್ತೇನೆ. ನೂರು ನೂರೈವತ್ತು ಟನ್ ದಾಟಿದ, ಒಬ್ಬರೇ ನಡೆಸುವ ಕಟ್ಟಡಕ್ಕೆ ಅದನ್ನು ಮೀರಿಸಿದ್ದಿಲ್ಲ. ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳು ತಮ್ಮ ಎಸ್‌ಟಿಪಿಯ (ಕೊಳಚೆನೀರು ಶುದ್ಧೀಕರಣ ಘಟಕ) ನೀರನ್ನೇ ಶುದ್ಧಗೊಳಿಸಿ ಕೂಲಿಂಗ್ ಟವರಿಗೆ ಹಾಕಿಕೊಳ್ಳಬಲ್ಲವು. ನಿಮ್ಮ ಹತ್ತಿರ ಆ ನೀರಿಲ್ಲ. ಕೂಲಿಂಗ್ ಟವರ್ ಒಂದು ಟನ್‌ಗೆ ಗಂಟೆಗೆ 8 ಲೀಟರ್ ಹತ್ತಿರ ಕುಡಿಯುತ್ತದೆ. 40 ಟನ್‌ನ ಸ್ಥಾವರ ಸರಾಸರಿ ಅರವತ್ತು ಪರ್ಸೆಂಟ್ ಹೊರೆಯಲ್ಲಿ ಹತ್ತು ಗಂಟೆ ಓಡಿದರೂ ದಿನಕ್ಕೆ ಸುಮಾರು 1,900 ಲೀಟರ್. 2024ರ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಕಾರು ತೊಳೆಯಲು, ಕಟ್ಟಡ ಕಟ್ಟಲು ಬಳಸಬಾರದೆಂದು ಜಲಮಂಡಳಿ ಆದೇಶ ಹೊರಡಿಸಿದ್ದು ನಿಮಗೂ ನೆನಪಿರಬೇಕು. ಟ್ಯಾಂಕರ್ ನಂಬಿಕೊಂಡು ಎಸಿ ನಡೆಸುವ ಪಾಡು ಬೇಡ.

ಔಟ್‌ಡೋರ್ ಯೂನಿಟ್‌ಗಳು ಎಲ್ಲಿ ಕೂರುತ್ತವೆ ಎಂಬುದನ್ನು ಆರ್ಕಿಟೆಕ್ಟ್ ಹತ್ತಿರ ಇವತ್ತೇ ಗೆರೆ ಹಾಕಿಸಿ. ಪಕ್ಕದ ಕಟ್ಟಡಕ್ಕೂ ನಮ್ಮದಕ್ಕೂ ನಡುವಿನ ಐದಡಿ ಸಂದಿನಲ್ಲಿ ಮಹಡಿಯ ಮೇಲೆ ಮಹಡಿಯಂತೆ ಅವನ್ನು ನೇತುಹಾಕುವುದು ಈ ಊರಿನ ರೂಢಿ. ಕೆಳಗಿನ ಯೂನಿಟ್ ಉಗುಳಿದ ಬಿಸಿಗಾಳಿಯನ್ನು ಮೇಲಿನದು ಎಳೆದುಕೊಳ್ಳುತ್ತದೆ, ಅದರ ಮೇಲಿನದು ಇನ್ನೂ ಬಿಸಿಯಾದದ್ದನ್ನು. ಊರಿಗೆಲ್ಲ 35 ಡಿಗ್ರಿ ಇದ್ದಾಗ ಆ ಸಂದಿನ ತುದಿಯಲ್ಲಿ 45 ಇರುತ್ತದೆ. ಮೂರನೇ ಮಹಡಿಯವರ ಎಸಿ ಸರಿಯಾಗಿ ಮಧ್ಯಾಹ್ನ ಮೂರಕ್ಕೆ ಟ್ರಿಪ್ ಆಗುವುದಕ್ಕೆ ಕಾರಣ ಗ್ಯಾಸ್ ಕಡಿಮೆ ಆಗಿರುವುದಲ್ಲ, ಇದು. ಮೆಕ್ಯಾನಿಕ್ ಬಂದು ಗ್ಯಾಸ್ ತುಂಬಿ ಹೋಗುತ್ತಾನೆ, ಮರುದಿನ ಮೂರಕ್ಕೆ ಮತ್ತೆ ಟ್ರಿಪ್. ಎಲ್ಲವನ್ನೂ ತಾರಸಿಗೆ ಒಯ್ಯಿರಿ. ಸೋಲಾರ್ ಪ್ಯಾನೆಲ್, ನೀರಿನ ಟ್ಯಾಂಕು, ಲಿಫ್ಟ್ ಕೋಣೆಗಳ ಜತೆ ಜಾಗಕ್ಕೆ ಕಿತ್ತಾಟ ಆಗುತ್ತದೆ, ಈಗಲೇ ಆಗಿಬಿಡಲಿ. ಕೆಳಗೆ ರಬ್ಬರ್ ಪ್ಯಾಡು, ಮನೆಗಳಿರುವ ದಿಕ್ಕಿಗೆ ತಡೆ. ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದದ ಮಿತಿ 45 ಡೆಸಿಬಲ್, ಬಸವೇಶ್ವರನಗರದ ಹಿಂದಿನ ಅಡ್ಡರಸ್ತೆಯವರಿಗೆ ಇದು ಚೆನ್ನಾಗಿ ಗೊತ್ತು.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ಶೇ 10ರಷ್ಟು ತೆಳು, ಅದೇ ಫ್ಯಾನ್ ಇಲ್ಲಿ ಅಷ್ಟು ಕಡಿಮೆ ತೂಕದ ಗಾಳಿ ತಳ್ಳುತ್ತದೆ. ಕ್ಯಾಟಲಾಗಿನ ಟನ್ ಬೇರೆ, ಇಲ್ಲಿ ಸಿಗುವ ಟನ್ ಸ್ವಲ್ಪ ಬೇರೆ. ಇಲ್ಲಿನ ಸಾಮರ್ಥ್ಯ ಎಷ್ಟು ಎಂದು ಬರೆದುಕೊಡಲು ಕೇಳಿ.

ಕರೆಂಟಿನ ಲೆಕ್ಕ ಹೀಗೆ ಮಾಡಿ. 40 ಟನ್, ಅರವತ್ತು ಪರ್ಸೆಂಟ್ ಸರಾಸರಿ, ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ 300 ದಿನ ಎಂದರೆ 72,000 ಟನ್-ಗಂಟೆ. ಟನ್‌ಗೆ 1.1 ಕಿಲೋವ್ಯಾಟ್ ತಿನ್ನುವ ಯಂತ್ರಕ್ಕೂ 0.8 ತಿನ್ನುವುದಕ್ಕೂ ವರ್ಷಕ್ಕೆ 21,600 ಯೂನಿಟ್ ವ್ಯತ್ಯಾಸ. ಯೂನಿಟ್‌ಗೆ 8 ರೂಪಾಯಿ ಹಿಡಿದರೂ ಒಂದೂಮುಕ್ಕಾಲು ಲಕ್ಷ ಹತ್ತಿರ. ಬಿಲ್ ಬಾಡಿಗೆದಾರರದ್ದಲ್ಲವೇ, ನನಗೇನು ಎನ್ನಬೇಡಿ. ಮೂರು ವರ್ಷ ಕಳೆದು ಅಗ್ರಿಮೆಂಟ್ ನವೀಕರಿಸುವಾಗ ಅವರು ಇದೇ ಬಿಲ್ ಮುಂದಿಟ್ಟು ಬಾಡಿಗೆ ಇಳಿಸಿ ಎನ್ನುತ್ತಾರೆ. ಪೂರ್ಣ ಹೊರೆಯ ದಕ್ಷತೆಯನ್ನಷ್ಟೇ ನೋಡದೆ ಅರೆ ಹೊರೆಯ ಅಂಕಿಯನ್ನು ಕೇಳಿ, ಇಲ್ಲಿ ಯಂತ್ರ ಓಡುವುದು ಬಹುಪಾಲು ಅರೆ ಹೊರೆಯಲ್ಲೇ. ಕೊಟೇಶನ್ ಹಳೆಯದಾಗಿದ್ದರೆ ಇನ್ನೊಂದು ಸಂಗತಿ: 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಹೊಸ ದರ ಹಾಕಿಸಿಕೊಳ್ಳಿ. ಗ್ಯಾಸ್ ವಿಷಯದಲ್ಲಿ, ಡಕ್ಟಬಲ್‌ಗೆ ಆರ್-32 ಇರುವುದನ್ನೇ ಆರಿಸಿ. ಇಂಗಾಲದ ಡೈಆಕ್ಸೈಡನ್ನು 1 ಎಂದುಕೊಂಡರೆ ಭೂಮಿ ಬಿಸಿಯೇರಿಸುವ ಶಕ್ತಿ ಅದಕ್ಕೆ 675, ಆರ್-410ಎಗೆ 2,088. ಇವನ್ನು ಕಡಿಮೆ ಮಾಡಲು ದೇಶಗಳು ಮಾಡಿಕೊಂಡ ಕಿಗಾಲಿ ಒಪ್ಪಂದದಂತೆ ಭಾರತ 2028ರಲ್ಲಿ ಇಂಥ ಗ್ಯಾಸ್‌ಗಳ ಬಳಕೆಗೆ ಮಿತಿ ಹಾಕಿ 2032ರಿಂದ ಇಳಿಸುತ್ತಾ ಹೋಗಬೇಕು. ಇವತ್ತು ಹಾಕಿಸಿದ ಯಂತ್ರ ಆ ಹೊತ್ತಿಗೆ ನಡುವಯಸ್ಸಿನಲ್ಲಿರುತ್ತದೆ.

ಮೊದಲನೇ ಮಹಡಿಯ ವಿಆರ್‌ಎಫ್ ಕೆಲಸ ನಡೆಯುವಾಗ ನೀವೇ ಸೈಟಿನಲ್ಲಿ ನಿಂತು ನೋಡಬೇಕಾದದ್ದು ತಾಮ್ರದ ಪೈಪಿನ ಬೆಸುಗೆ. ಬೆಸುಗೆ ಹಾಕುವಾಗ ಪೈಪಿನೊಳಗೆ ನೈಟ್ರೋಜನ್ ಸಣ್ಣಗೆ ಹರಿಯುತ್ತಿರಬೇಕು. ಹರಿಯದಿದ್ದರೆ ಒಳಗೆ ಕಪ್ಪು ಹೊಟ್ಟು ಕಟ್ಟುತ್ತದೆ, ಅದು ಕಳಚಿ ಹೋಗಿ ವಾಲ್ವಿನಲ್ಲಿ ಸಿಕ್ಕಿಕೊಳ್ಳುವುದು ಎರಡು ವರ್ಷವಾದ ಮೇಲೆ, ವಾರಂಟಿಯ ಮಾತು ಮುಗಿದ ಮೇಲೆ. ಸಿಲಿಂಡರ್ ಪಕ್ಕದಲ್ಲಿದೆ ಎಂದರೆ ಸಾಲದು, ಪೈಪಿನ ಇನ್ನೊಂದು ತುದಿಗೆ ಕೈ ಹಿಡಿದು ನೋಡಿ. ಯಾವುದಾದರೂ ಒಂದು ಬೆಸುಗೆಯನ್ನು ಕತ್ತರಿಸಿ ತೋರಿಸಲು ಹೇಳಿ. ಒಳಮೈ ಹೊಸ ತಾಮ್ರದಂತೆ ಹೊಳೆಯುತ್ತಿರಬೇಕು. ಆಮೇಲೆ ಸೋರಿಕೆ ಇದೆಯೇ ನೋಡಲು ಪೈಪನ್ನು 600 ಪಿಎಸ್‌ಐ ಒತ್ತಡದಲ್ಲಿ 24 ಗಂಟೆ ಬಿಡಬೇಕು, ಒಳಗಿನ ಗಾಳಿ, ತೇವ ಎಳೆದು ತೆಗೆಯುವಾಗ ವ್ಯಾಕ್ಯೂಮ್ ಗೇಜಿನ ಅಂಕಿ 500 ಮೈಕ್ರಾನ್‌ಗಿಂತ ಕೆಳಗಿಳಿಯಬೇಕು, ಗ್ಯಾಸನ್ನು ಅಂದಾಜಿನಲ್ಲಲ್ಲ, ತೂಗಿ ತುಂಬಬೇಕು. ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲು ಪ್ರತಿ ಇಂಡೋರ್ ಟ್ರೇಗೆ ಒಂದು ಬಕೆಟ್ ನೀರು ಸುರಿದು ಡ್ರೈನ್ ಹರಿಯುತ್ತದೆಯೇ ನೋಡಿ. ಎಸಿ ಬಗ್ಗೆ ಮಳೆಗಾಲದಲ್ಲಿ ಬರುವ ಫೋನುಗಳಲ್ಲಿ ಹೆಚ್ಚಿನವು ತಂಪು ಸಾಲದೆಂದಲ್ಲ, ಮೇಜಿನ ಮೇಲೆ ನೀರು ತೊಟ್ಟಿಕ್ಕುತ್ತಿದೆ ಎಂದು.

ಖಾಲಿ ಮಹಡಿಗೆ ಈಗ ಯಂತ್ರ ಹಾಕಿಸಬೇಡಿ. ರೆಸ್ಟೋರೆಂಟ್ ಬಂದರೆ ಅಡುಗೆಮನೆಯ ಎಕ್ಸಾಸ್ಟು, ಅದಕ್ಕೆ ಸರಿಯಾಗಿ ಒಳಬಿಡುವ ಗಾಳಿ ಎರಡೂ ಬೇಕು. ಇಲ್ಲದಿದ್ದರೆ ಚಿಮಣಿ ಊಟದ ಹಾಲಿನ ತಂಪನ್ನೇ ಎಳೆದು ಹೊರಗೆ ಹಾಕುತ್ತದೆ. ಆಫೀಸ್ ಬಂದರೆ ಅದ್ಯಾವುದೂ ಬೇಡ. ಸದ್ಯಕ್ಕೆ ಸ್ಲ್ಯಾಬಿನಲ್ಲಿ ಪೈಪಿಗೆ ತೂತು, ಅಡುಗೆ ಡಕ್ಟ್ ತಾರಸಿಗೆ ಹೋಗುವಷ್ಟು ಒಂದು ಶಾಫ್ಟು, ಡ್ರೈನ್ ಪೈಪು, 15 ಟನ್‌ಗೆ ಸಾಕಾಗುವ ಕೇಬಲ್, ತಾರಸಿಯಲ್ಲಿ ಹತ್ತಡಿಗೆ ಆರಡಿ ಜಾಗ ಬಿಟ್ಟಿಡಿ. ಬೆಸ್ಕಾಂಗೆ ಲೋಡ್ ಅರ್ಜಿ ಕೊಡುವಾಗ ಈ ಮಹಡಿಯದನ್ನೂ ಸೇರಿಸಿಯೇ ಕೊಡಿ, ಆಮೇಲೆ ಹೆಚ್ಚಿಸಿಕೊಳ್ಳಲು ಓಡಾಡುವುದು ಬಾಡಿಗೆದಾರನನ್ನು ಹುಡುಕುವುದಕ್ಕಿಂತ ಕಷ್ಟ.